ಮಗ್ಗದ ಮನೆಯೂ ಪಾಠಶಾಲೆಯೇ

ಮಕ್ಕಳೇ, ಗಣಕಯಂತ್ರವಿದ್ದರೆ ಮಾತ್ರ ಪ್ರೋಗ್ರಾಂ ಬರೆಯಲು ಕಲಿಯಬಹುದು ಎಂದುಕೊಂಡಿದ್ದೀರಾ? ನಾನಂತೂ ಇದನ್ನು ಒಪ್ಪುವುದಿಲ್ಲ. ರಬಕವಿ-ಬನಹಟ್ಟಿ ನೇಕಾರರ ಊರು. ಅಲ್ಲಿ ಹಳೆಯ ಬಗೆಯ ಜಕಾರ್ಡ್ ಮಗ್ಗ ಕಂಡರೆ ತಲೆಯೆತ್ತಿ ನೋಡಿ. ಮೇಲೆ ತೂತುಗಳಿರುವ ರಟ್ಟಿನ ಪಟ್ಟಿಗಳ ಮಾಲೆ ಇರುತ್ತದೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಒಂದೊಂದು ಪಟ್ಟಿಯೂ ಮಗ್ಗಕ್ಕೆ ಕೊಡುವ ಒಂದು ಆಜ್ಞೆ! 1804ರಲ್ಲಿ ಫ್ರಾನ್ಸಿನ ಜೋಸೆಫ್ ಜಕಾರ್ಡ್ ರೂಪಿಸಿದ ಈ ಮಗ್ಗದ ಪಟ್ಟಿಗಳನ್ನು ಕಂಡೇ ಚಾರ್ಲ್ಸ್ ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರಕ್ಕೂ ಅಂಥವನ್ನು ಬಳಸಲು ಯೋಜಿಸಿದರು.

ಪ್ರೋಗ್ರಾಂ ಎಂದರೂ ಕ್ರಮವಾದ ಆಜ್ಞೆಗಳೇ. ಜಪಾನಿನ ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ಹೊರತಂದ 'ರೂಬಿ' ಭಾಷೆಯಲ್ಲಿ 'ಹತ್ತು ಬಾರಿ ಮಾಡು' ಎಂದು ಒಮ್ಮೆ ಬರೆದರೆ ಸಾಕು, ಗಣಕ ಹತ್ತು ಬಾರಿಯೂ ಮಾಡುತ್ತದೆ. ಪಟ್ಟಿಗಳ ಮಾಲೆ ಸುತ್ತಿ ಬಂದಾಗ ಸೀರೆಯಲ್ಲಿ ಅದೇ ಹೂ ಮತ್ತೆ ಮೂಡುವ ಹಾಗೆ. ಒಂದು ತೂತು ತಪ್ಪಿದರೆ ಪ್ರತಿ ಹೂವಿನಲ್ಲೂ ಅದೇ ತಪ್ಪು! ಆಗ ನೇಕಾರರು ತಪ್ಪಿದ ಪಟ್ಟಿಯನ್ನು ಹುಡುಕುತ್ತಾರೆ. ಪ್ರೋಗ್ರಾಂ ಬರೆಯುವವರು ತಪ್ಪಿದ ಸಾಲನ್ನು ಹುಡುಕುತ್ತಾರೆ. ಎರಡಕ್ಕೂ ತಾಳ್ಮೆ ಬೇಕು.

ಆದ್ದರಿಂದ ಗಣಕ ಬರಲೆಂದು ಕಾಯುತ್ತ ಕೂರಬೇಡಿ. ಚೌಕಳಿ ಹಾಳೆಯಲ್ಲಿ ಒಂದು ಹೂ ಬಿಡಿಸಿ. ತುಂಬಿದ ಮನೆಗೆ 1, ಖಾಲಿ ಮನೆಗೆ 0 ಬರೆಯಿರಿ. ಗೆಳೆಯರಿಗೆ ಅಂಕಿಗಳನ್ನಷ್ಟೇ ಸಾಲುಸಾಲಾಗಿ ಓದಿ ಹೇಳಿ. ಅವರ ಹಾಳೆಯಲ್ಲೂ ಅದೇ ಹೂ ಅರಳಿತೇ? ಹಾಗಾದರೆ ನಿಮ್ಮ ಮೊದಲ ಪ್ರೋಗ್ರಾಂ ಸಿದ್ಧವಾಯಿತು!