ಔಷಧವೂ ಅರಿವೂ

ಮನೋವ್ಯಾಧಿಗೆ ಮದ್ದುಂಟೆಂಬ ಮಾತು ಈಗ ಕಲಬುರಗಿ ಸೀಮೆಯ ಹಳ್ಳಿಗಳಿಗೂ ಮುಟ್ಟಿದೆ. ಕಮಲಾಪುರದ ರೋಗಿ ನಗರದ ಆಸ್ಪತ್ರೆಗೆ ಬಂದು ಗುಳಿಗೆಯ ಚೀಟಿಯೊಡನೆ ಸಂಜೆಯ ಬಸ್ಸಿಗೆ ಮರಳುತ್ತಾನೆ. ಆ ಗುಳಿಗೆ ಏತಕ್ಕೆ, ಎಷ್ಟು ವರ್ಷ, ಅದರ ಬಾಧೆಗಳೇನು ಎಂಬುದನ್ನು ಹೇಳಿದ್ದರೂ ಬಹುಮಟ್ಟಿಗೆ ಜೊತೆಗೆ ಬಂದ ಅಣ್ಣನಿಗೋ ಮಾವನಿಗೋ ಹೇಳಿರುತ್ತಾರೆ. ರೋಗಿ ಪಕ್ಕದಲ್ಲಿಯೇ ಪರಕೀಯನಂತೆ ಕುಳಿತಿರುತ್ತಾನೆ.

ಇದು ಕೇವಲ ಸೌಜನ್ಯದ ಪ್ರಶ್ನೆಯಲ್ಲ. ಲಿಥಿಯಂ ಎಂಬ ಔಷಧವನ್ನೇ ನೋಡಬಹುದು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮಾದಕ್ಕೆ ಅದರ ಉಪಯೋಗವನ್ನು ತೋರಿಸಿದಂದಿನಿಂದ ಎಷ್ಟೋ ಬಾಳುಗಳನ್ನು ಅದು ಉಳಿಸಿದೆ. ಆದರೆ ಅದರ ಹಿತಪ್ರಮಾಣಕ್ಕೂ ವಿಷಪ್ರಮಾಣಕ್ಕೂ ಅಂತರ ಅತ್ಯಲ್ಪ. ಆದುದರಿಂದಲೇ ಆಗಾಗ ರಕ್ತಪರೀಕ್ಷೆ ಬೇಕು, ಮೂತ್ರಪಿಂಡ ಮತ್ತು ಥೈರಾಯಿಡ್‌ಗಳ ತಪಾಸಣೆ ಬೇಕು. ಬೆವರಿ ದೇಹದ ನೀರು, ಉಪ್ಪು ಕುಂದಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಐಬುಪ್ರೊಫೆನ್ ಗುಳಿಗೆಯಿಂದಲೂ ಏರಬಹುದು. ಈ ಸೀಮೆಯ ವೈಶಾಖದ ಬಿಸಿಲನ್ನು ಇಲ್ಲಿಯ ಓದುಗರಿಗೆ ವರ್ಣಿಸಬೇಕಾಗಿಲ್ಲ. ಆ ಬಿಸಿಲಿನಲ್ಲಿ ಹೊಲಗೆಲಸ ಮಾಡುವವನಿಗೆ ಕೈನಡುಕ ಹೆಚ್ಚಿ, ವಾಂತಿಯಾಗಿ, ಮಾತು ತೊದಲಿದರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕೆಂಬ ತಿಳಿವೇ ಪ್ರಾಣರಕ್ಷಕ. ಅದನ್ನು ಅಣ್ಣನಿಗೆ ಹೇಳಿ ಫಲವೇನು? ಅಣ್ಣ ಹೊಲದಲ್ಲಿರುವುದಿಲ್ಲ.

ಕೆಲವು ಮನೆಗಳಲ್ಲಿ ಗುಳಿಗೆಯನ್ನು ಅರೆದು ಪಲ್ಯದಲ್ಲಿ ಬೆರೆಸಿ ಉಣಿಸುವುದುಂಟು. ಅವರ ಸಂಕಟ ಸುಳ್ಳಲ್ಲ. ರಾತ್ರಿಯೆಲ್ಲ ಬಾಗಿಲು ಕಾದವರೇ ಅದನ್ನು ಬಲ್ಲರು. ಆದರೂ ಆ ಉಪಾಯ ಒಪ್ಪತಕ್ಕದ್ದಲ್ಲ. ಗುಟ್ಟು ಬಯಲಾದಂದು ತಾಯಿಯ ಕೈತುತ್ತಿನ ಮೇಲೂ ಸಂಶಯ ಹುಟ್ಟುತ್ತದೆ. ತನಗೆ ವಿಷವಿಕ್ಕುತ್ತಿದ್ದಾರೆಂಬ ಭ್ರಮೆಯುಳ್ಳವನಿಗಂತೂ ಆ ಭ್ರಮೆಗೆ ಸಾಕ್ಷ್ಯವೇ ದೊರೆತಂತಾಗುತ್ತದೆ.

ಇನ್ನು, ಆಯ್ಕೆಯೆಂದರೆ ತಾನಾಗಿ ಗುಳಿಗೆ ಬಿಟ್ಟುಬಿಡುವುದಲ್ಲ. ಥಟ್ಟನೆ ಬಿಟ್ಟರೆ ರೋಗ ಮರುಕಳಿಸುವ ಭಯ ಹೆಚ್ಚು. ಮೈ ಸ್ಥೂಲವಾಯಿತು, ಹಗಲೆಲ್ಲ ಮಂಪರು, ಬಿಡಬೇಕೆನ್ನಿಸುತ್ತದೆ ಎಂದು ವೈದ್ಯರೆದುರು ಅಂಜದೆ ಹೇಳುವಂತಿರಬೇಕು. ಗದರಿಕೆಗೆ ಹೆದರಿದವನೇ ಗುಳಿಗೆಯನ್ನು ಹಿತ್ತಲಲ್ಲಿ ಉಗುಳುವವನು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಚಿಕಿತ್ಸೆಯ ಲಾಭ, ಅಪಾಯ, ಅನ್ಯಮಾರ್ಗಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ಹೇಳಿ ಪಡೆದದ್ದೇ ಒಪ್ಪಿಗೆ. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬುದನ್ನು ವಯಸ್ಕನು ಮೊದಲೇ ಬರೆದಿಡಲೂ ಅದರಲ್ಲಿ ಅವಕಾಶವಿದೆ.

ತಿಳಿಯುವ ಭಾಷೆ ಎಂಬಲ್ಲಿಯೇ ತೊಡಕು. ಶರಣರು ಅನುಭಾವವನ್ನೇ ಆಡುಮಾತಿಗೆ ಇಳಿಸಿದ ನಾಡಿನಲ್ಲಿ ಗುಳಿಗೆಯ ಚೀಟಿ ಇಂಗ್ಲಿಷಿನಲ್ಲಿದೆ. ಪಂಡಿತಗನ್ನಡದ ಕರಪತ್ರವಾದರೂ ಅಷ್ಟೇ ದೂರ. ತಾಂಡಾದ ಲಂಬಾಣಿಗೆ, ನಗರದ ಉರ್ದು ಮನೆಮಾತಿನವರಿಗೆ ಮತ್ತೂ ದೂರ. ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಒಂದೊಂದು ಔಷಧಕ್ಕೂ ಒಂದೊಂದು ಪುಟ ಬರೆಯಲಿ, ದಾನಿಗಳು ಅಚ್ಚು ಹಾಕಿಸಲಿ. ಅಚ್ಚಿಗೆ ಮುನ್ನ ಕಮಲಾಪುರದ ನಾಲ್ವರು ರೋಗಿಗಳಿಗೆ ಅದನ್ನು ಓದಿ ಹೇಳಿ, ತಿಳಿಯಿತೇ ಎಂದು ಕೇಳಲಿ.