ಹೇಳಿದವರ ಕೂಲಿ ಹೋಗಬಾರದು

ಗೊನೆ ಕೀಳುವ ಕಾಲ ಬಂತೆಂದರೆ ಗುಬ್ಬಿ, ಕುಣಿಗಲ್ ಮತ್ತು ತುಮಕೂರು ಸುತ್ತಿನ ತೋಟಗಳಲ್ಲಿ ಬಿಡುವಿಲ್ಲದ ದುಡಿಮೆ. ಒಂದು ಕಡೆ ಮರ ಹತ್ತುವವರು, ಇನ್ನೊಂದು ಕಡೆ ಸುಲಿಯುವ ಯಂತ್ರದ ಮುಂದಿರುವ ಹೆಣ್ಣುಮಕ್ಕಳು, ಮತ್ತೊಂದು ಕಡೆ ಕುದಿಯುವ ಹಂಡೆಯ ಬಳಿ ನಿಂತವರು. ಧಾರಣೆಯ ಏರಿಳಿತದ ಚರ್ಚೆ ನಮ್ಮಲ್ಲಿ ದಿನವೂ ನಡೆಯುತ್ತದೆ. ದುಡಿಯುವವರ ಕೈಕಾಲಿನ ಚರ್ಚೆ ಏಳುವುದು ಯಾರಾದರೂ ಮರದಿಂದ ಬಿದ್ದ ಮೇಲೆ.

ಅಪಾಯ ಮೊದಲು ತಿಳಿಯುವುದು ಮಾಲೀಕನಿಗಲ್ಲ. ಅಣಬೆ ರೋಗ ಹಿಡಿದು ಬುಡ ಟೊಳ್ಳಾದ ಮರ ಹತ್ತುವವನ ಕಾಲಿಗೆ ಗೊತ್ತಾಗುತ್ತದೆ. ಜೋತುಬಿದ್ದ ವಿದ್ಯುತ್ ತಂತಿ ದೋಟಿ ಹಿಡಿದವನ ಕಣ್ಣಿಗೆ ಬೀಳುತ್ತದೆ. ಮುಚ್ಚಳವಿಲ್ಲದ ಬೆಲ್ಟು ಸೆರಗನ್ನು ಒಮ್ಮೆ ಸೆಳೆದು ಬಿಟ್ಟದ್ದು ಯಂತ್ರದ ಮುಂದಿದ್ದ ಹೆಂಗಸಿಗೆ ನೆನಪಿರುತ್ತದೆ. ಹಾಗಿದ್ದರೂ ಇವರು ಬಾಯಿ ಬಿಡುವುದಿಲ್ಲ. ಎಷ್ಟು ಕೆಲಸ ಮಾಡಿದರೆ ಅಷ್ಟು ಕೂಲಿ. ಕೆಲಸ ನಿಂತರೆ ಆ ದಿನದ ಕೂಲಿ ಇಲ್ಲ. ಮುಂಗಡ ಪಡೆದವನಿಗೆ ಮಾತನಾಡಲು ಇನ್ನೂ ಹಿಂಜರಿಕೆ. ‘ಹೆದರುಪುಕ್ಕಲ’ ಎನಿಸಿಕೊಂಡರೆ ನಾಳೆ ಬೇರೊಬ್ಬನನ್ನು ಕರೆಯುತ್ತಾರೆಂಬ ಭಯ ಬೇರೆ.

ಧೈರ್ಯ ಮಾಡಿ ಹೇಳಿದರೂ ಕೇಳುವವರು ಯಾರು? ತೋಟ ಚೇಣಿಗೆ ಹೋಗಿದ್ದರೆ ಮಾಲೀಕರು ‘ಚೇಣಿದಾರನನ್ನು ಕೇಳು’ ಎನ್ನುತ್ತಾರೆ. ಚೇಣಿದಾರರು ‘ತಂತಿ, ಮರ ನನ್ನದಲ್ಲ’ ಎನ್ನುತ್ತಾರೆ. ದೂರು ಇಬ್ಬರ ನಡುವೆ ಬಿದ್ದು ಕೊಳೆಯುತ್ತದೆ.

ಹೇಳಿದ ಮಾತನ್ನು ಯಾರೂ ಕೈಗೆತ್ತಿಕೊಳ್ಳದಿದ್ದರೆ ಏನಾದೀತೆಂಬುದನ್ನು ನಮ್ಮ ದೇಶ ಭೋಪಾಲದಲ್ಲಿ ಕಂಡಿತು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅದಕ್ಕೆ ಮುನ್ನ 1981ರಲ್ಲೇ ಅಲ್ಲಿ ಅನಿಲ ಸೋರಿ ಒಬ್ಬ ಕಾರ್ಮಿಕ ಪ್ರಾಣ ಬಿಟ್ಟಿದ್ದ. 1982ರಲ್ಲಿ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ಅಪಾಯವನ್ನು ಕುರಿತು ಬರೆದು ಎಚ್ಚರಿಸಿದ್ದರು. ಹೇಳುವವರು ಇದ್ದರು, ಕೇಳಿ ಉತ್ತರ ಕೊಡಬೇಕಾದವರು ಕೊಡಲಿಲ್ಲ.

ಆ ದುರಂತದ ನಂತರ, 1987ರಲ್ಲಿ, 1948ರ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಪ್ರಕ್ರಿಯೆಗಳ ಕಾರ್ಖಾನೆಯಲ್ಲಿ ಕೆಲಸಗಾರನು ಸನ್ನಿಹಿತ ಅಪಾಯವನ್ನು ತಿಳಿಸಿದರೆ ಆಡಳಿತಕ್ಕೆ ಎರಡೇ ದಾರಿ ಎಂದು ಅದು ಗೊತ್ತುಮಾಡಿತು. ಮಾತು ನಿಜವೆನಿಸಿದರೆ ಕೂಡಲೇ ಸರಿಪಡಿಸಬೇಕು. ನಿಜವೆನಿಸದಿದ್ದರೆ ವಿಷಯವನ್ನು ತನಿಖಾಧಿಕಾರಿಗೆ ಒಪ್ಪಿಸಬೇಕು. ಸುಮ್ಮನೆ ಕೂರುವಂತಿಲ್ಲ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೃತ್ತಿ ಸುರಕ್ಷತಾ ಸಂಹಿತೆಯಲ್ಲಿಯೂ ಈ ತತ್ವ ಉಳಿದಿದೆ. ಆದರೆ ಆ ಸಂಹಿತೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಅನ್ವಯಿಸುವಂಥದು. ಎರಡು ಎಕರೆ ತೋಟಕ್ಕೆ ಬರುವ ನಾಲ್ಕಾರು ಆಳುಗಳು ಅದರ ನೆರಳಿಗೆ ಸಿಕ್ಕುವುದು ಕಷ್ಟ. ಕಾನೂನು ತಲುಪದ ಕಡೆ ಸಹಕಾರ ಸಂಘ ತಲುಪಬೇಕೆಂಬುದು ನಮ್ಮ ಅಭಿಪ್ರಾಯ.

ಆದ್ದರಿಂದ ನಾವು ಸೂಚಿಸುವುದು ಇಷ್ಟು. ತುಮಕೂರು, ಗುಬ್ಬಿ, ಕುಣಿಗಲ್ ಮೂರು ಕಡೆಯೂ ಸಂಘದ ವತಿಯಿಂದ ಒಂದೊಂದು ದೂರು ಪುಸ್ತಕವಿರಲಿ. ಓದುಬರಹ ಬಾರದವರು ಬಾಯಲ್ಲಿ ಹೇಳಿದ್ದನ್ನು ಗುಮಾಸ್ತರು ಬರೆದುಕೊಳ್ಳಲಿ. ಹೇಳಿದವರ ಹೆಸರು ಹೊರಗೆ ಹೋಗದಿರಲಿ. ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನೂ ಬರೆಯಲಿ, ಏಕೆಂದರೆ ಮುಂದಿನದು ತಪ್ಪದೆ ಇರಬಹುದು. ದೂರು ಬಂದ ದಿನವೇ ಆ ಮರ, ಆ ಯಂತ್ರದ ಕೆಲಸ ನಿಲ್ಲಲಿ. ತೋಟದವರು ಸರಿಪಡಿಸಲಿ, ಇಲ್ಲವೇ ಒಬ್ಬ ಬೆಳೆಗಾರ, ಒಬ್ಬ ಗೊನೆ ಕೀಳುವವರು, ಒಬ್ಬ ಯಂತ್ರ ಬಲ್ಲವರು ಇರುವ ಸಮಿತಿಯ ಮುಂದೆ ತರಲಿ. ಏನಾಯಿತೆಂಬುದನ್ನು ಪುಸ್ತಕದಲ್ಲಿ ಬರೆದು, ದೂರು ಕೊಟ್ಟವರಿಗೂ ತಿಳಿಸಲಿ. ನಿಂತ ಹೊತ್ತಿನ ಕೂಲಿ ಕೊಡುವುದು ಕೆಲಸ ಕೊಟ್ಟವರ ಹೊಣೆ. ಚೇಣಿ ಕರಾರಿನಲ್ಲಿಯೇ ಮರ ಮತ್ತು ತಂತಿಯ ವಿಷಯ ಮಾಲೀಕರದು, ದೋಟಿ, ಹಗ್ಗ, ಯಂತ್ರ ಚೇಣಿದಾರರದು ಎಂದು ನಮೂದಿಸಿದರೆ ಜಗಳ ಉಳಿಯುವುದಿಲ್ಲ.

ತಂತಿಯ ವಿಷಯದಲ್ಲಿ ಒಂದು ಮಾತು. ಅಲ್ಯುಮಿನಿಯಂ ದೋಟಿ ತಂತಿಗೆ ತಗುಲಿದರೆ ಪ್ರಾಣ ಹೋಗುತ್ತದೆಂದು ಎಲ್ಲರೂ ಬಲ್ಲರು. ಹಗುರವಾದ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆಂಬುದು ಅನೇಕರಿಗೆ ತಿಳಿಯದು. ತಂತಿ ಜೋತುಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ ತಿಳಿಸಿ, ದೂರಿನ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಸಿರಿ. ತಂತಿ ಸರಿಯಾಗುವವರೆಗೆ ಆ ಸಾಲಿಗೆ ಯಾರನ್ನೂ ಕಳಿಸಬೇಡಿರಿ.

ಇದಕ್ಕೆ ಆಕ್ಷೇಪಣೆಗಳಿವೆ. ಆಳುಗಳು ಸಿಕ್ಕುವುದೇ ಕಷ್ಟವಾಗಿರುವಾಗ ದೂರು ಪುಸ್ತಕವೊಂದು ಬೇರೆ ಏಕೆಂದು ಕೆಲವರು ಕೇಳಬಹುದು. ಮರ ಹತ್ತಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದಲೇ ಇದು ಬೇಕು. ಅಪ್ಪ ಬಿದ್ದ ಮನೆಯಲ್ಲಿ ಮಗ ಮರ ಹತ್ತುವುದಿಲ್ಲ. ಹಗೆ ಸಾಧಿಸಲು ಸುಳ್ಳು ದೂರು ಕೊಟ್ಟರೇನು ಗತಿ ಎಂಬ ಪ್ರಶ್ನೆಗೆ ಸಮಿತಿಯೇ ಉತ್ತರ: ನೋಡಿ, ಅಪಾಯವಿಲ್ಲವೆಂದು ಬರೆದು ಮುಗಿಸಿದರಾಯಿತು. ಬೆಲ್ಟಿಗೊಂದು ತಗಡಿನ ಮುಚ್ಚಳ ಹಾಕಿಸುವ ಖರ್ಚು ಒಂದು ಕೈಯ ಬೆಲೆಗಿಂತ ಹೆಚ್ಚಲ್ಲ.

ಬರುವ ಸಾಮಾನ್ಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದು, ಮುಂದಿನ ಕೊಯ್ಲಿಗೆ ಮುಂಚೆ ಪುಸ್ತಕ ಮೇಜಿನ ಮೇಲೆ ಇರಬೇಕೆಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ. ಅದರ ಮೊದಲ ಪುಟದಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿರಲಿ: ಅಪಾಯ ತಿಳಿಸಿದವರ ಕೆಲಸವಾಗಲಿ ಕೂಲಿಯಾಗಲಿ ಹೋಗತಕ್ಕದ್ದಲ್ಲ.