ಕಾಂಡ್ಲಾ ಕೆಸರಿನ ಎಣ್ಣೆ ಯಾರದ್ದು? ಉತ್ತರ ಬಿ.ಸಿ.ರೋಡಿನ ಚರಂಡಿಯಲ್ಲೂ ಇರಬಹುದು

ಮಂಗಳೂರಿನ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬುಡಕ್ಕೆ ಎಣ್ಣೆ ಜಿಡ್ಡು ಅಂಟಿದ್ದು ಕಂಡರೆ ಜನ ಬೆರಳು ತೋರಿಸುವುದು ಎರಡೇ ಕಡೆಗೆ: ಕಡಲಿನ ಹಡಗು, ಇಲ್ಲವೇ ದಡದ ಕಾರ್ಖಾನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರಿಗೆ ಅದು 'ಕೆಳಗಿನವರ' ತಾಪತ್ರಯ. ನಿಜಕ್ಕೂ ಹೌದಾ?

ಧರ್ಮಸ್ಥಳದ ಬಳಿ ಹರಿಯುವ ನೇತ್ರಾವತಿ ಪಾಣೆಮಂಗಳೂರು, ತುಂಬೆ ದಾಟಿ ಉಳ್ಳಾಲದ ಹತ್ತಿರ ಕಡಲು ಸೇರುತ್ತದೆ. ವೇಣೂರು, ಪುಚ್ಚಮೊಗರು, ಪೊಳಲಿಯ ಫಲ್ಗುಣಿ ಗುರುಪುರ, ಕೂಳೂರು ಮೂಲಕ ಅದೇ ಅಳಿವೆಗೆ ಬರುತ್ತದೆ. ಮೂರು ತಾಲೂಕಿನ ಚರಂಡಿ ನೀರಿನ ಕೊನೆಯ ಸ್ಟಾಪ್ ಅಲ್ಲೇ.

ಎಣ್ಣೆಗೂ ಬೆರಳಚ್ಚು

ಕೆಸರಿನಲ್ಲಿರುವ ಎಣ್ಣೆ ಎಲ್ಲಿಂದ ಬಂತೆಂದು ಲ್ಯಾಬ್‌ನಲ್ಲಿ ಪತ್ತೆ ಹಚ್ಚಬಹುದು. ಕಚ್ಚಾ ತೈಲ, ಹಡಗಿನ ಫರ್ನೇಸ್ ಆಯಿಲ್, ಇಂಜಿನ್ ಆಯಿಲ್‌ಗಳಲ್ಲಿ 'ಹೋಪೇನ್' ಎಂಬ ಅಂಶ ಇರುತ್ತದೆ. ಕೋಟ್ಯಂತರ ವರ್ಷ ಹಿಂದಿನ ಸೂಕ್ಷ್ಮಜೀವಿಗಳಿಂದ ಉಳಿದುಬಂದ ಇದು ಬೇಗ ಕೊಳೆಯುವುದಿಲ್ಲ. ಒಂದೊಂದು ಮೂಲದ ಎಣ್ಣೆಯಲ್ಲಿ ಇದರ ಪ್ರಮಾಣ ಒಂದೊಂದು ರೀತಿ. ಡೀಸೆಲ್‌ನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವಾಹನದ ಹೊಗೆ, ಸುಟ್ಟ ಕಟ್ಟಿಗೆಯ ಮಸಿಗೆ ಬೇರೆಯೇ ಗುರುತು. ಕಾಂಡ್ಲಾ ಎಲೆಯ ಮೇಣಕ್ಕೂ ತನ್ನದೇ ಗುರುತಿದೆ.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಎಲ್ಲವೂ ಎಣ್ಣೆಯಲ್ಲ. ಕೋಲಿನಿಂದ ಕಲಕಿದಾಗ ಒಡೆದು ಚೂರಾದರೆ ಅದು ಬಹುತೇಕ ಕಬ್ಬಿಣದಂಶದ ನೀರಿನ ಬ್ಯಾಕ್ಟೀರಿಯಾ ಪೊರೆ. ಮತ್ತೆ ಬಂದು ಕೂಡಿಕೊಂಡರೆ ಎಣ್ಣೆ.

ಮೇಲಿನಿಂದ ಬರುವುದೆಷ್ಟು?

ಬೈಕಿಗೊಮ್ಮೆ ಆಯಿಲ್ ಬದಲಿಸಿದರೆ ಸುಮಾರು 1 ಲೀಟರ್, ಕಾರಿಗೆ 3–4 ಲೀಟರ್ ಕರಿ ಆಯಿಲ್ ಹೊರಬರುತ್ತದೆ. ಚರಂಡಿಗೆ ಸುರಿದದ್ದು ಮೊದಲ ಮಳೆಗೆ ತೋಡು, ತೋಡಿನಿಂದ ಹೊಳೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2022ರ ವರದಿ ಪ್ರಕಾರ ಉತ್ತರ ಅಮೆರಿಕದ ಕಡಲಿಗೆ ಸೇರುವ ಎಣ್ಣೆಯಲ್ಲಿ ದೊಡ್ಡ ಪಾಲು ನೆಲದಿಂದ ಹರಿದು ಬಂದದ್ದು, ಹಡಗು ಅಪಘಾತದ್ದಲ್ಲ.

ನಮ್ಮಲ್ಲಿ ಇನ್ನೂ ಒಂದಿದೆ. ಮಂಗಳೂರು-ಹಾಸನ-ಬೆಂಗಳೂರು ಇಂಧನ ಪೈಪ್‌ಲೈನ್ ಈ ಭಾಗದ ಮಣ್ಣಿನಡಿಯಲ್ಲೇ ಹೋಗಿದೆ. 2021ರಲ್ಲಿ ಬಂಟ್ವಾಳ ತಾಲೂಕಿನ ಸೊರ್ನಾಡು ಬಳಿ ಅದಕ್ಕೇ ಕನ್ನ ಹಾಕಿ ಡೀಸೆಲ್ ಕದ್ದ ಪ್ರಕರಣ ಬೆಳಕಿಗೆ ಬಂದಿತ್ತು. ಬಂಟ್ವಾಳದ ಮೇಲ್ಭಾಗದಲ್ಲಿ ನೇತ್ರಾವತಿಗೆ ಎಣ್ಣೆ ಬಿದ್ದರೆ ಅಳಿವೆಗಿಂತ ಮೊದಲು ಮುಟ್ಟುವುದು ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಡ್ಯಾಮನ್ನು.

ಲೆಕ್ಕ ಇಲ್ಲದಿದ್ದರೆ ಪರಿಹಾರವೂ ಕಷ್ಟ

2022ರ ಜೂನ್‌ನಲ್ಲಿ ಉಳ್ಳಾಲದ ಕಡಲಲ್ಲಿ 'ಪ್ರಿನ್ಸೆಸ್ ಮಿರಾಲ್' ಹಡಗು ಮುಳುಗಿದಾಗ ಎಣ್ಣೆ ಸೋರುವ ಭಯ ಇಡೀ ಕರಾವಳಿಗಿತ್ತು. 2025ರ ಮೇ 25ರಂದು ಕೇರಳದ ಕಡಲಲ್ಲಿ ಮುಳುಗಿದ 'ಎಂಎಸ್‌ಸಿ ಎಲ್ಸಾ 3' ಹಡಗಿನಲ್ಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇತ್ತು. ಕೇರಳ ಸರ್ಕಾರ ಹೈಕೋರ್ಟ್‌ನಲ್ಲಿ 9,531 ಕೋಟಿ ರೂ. ಪರಿಹಾರ ಕೇಳಿತು.

ನಾಳೆ ಇಂಥದ್ದೇ ಇಲ್ಲಿ ನಡೆದರೆ ಹಡಗು ಕಂಪನಿಯ ವಕೀಲರ ಮೊದಲ ಪ್ರಶ್ನೆ ಊಹಿಸುವುದು ಕಷ್ಟವೇನಲ್ಲ: "ಈ ಕೆಸರಲ್ಲಿ ಮೊದಲೇ ಎಣ್ಣೆ ಇರಲಿಲ್ಲವೇ?" ಮುಂಚಿನ ಸ್ಯಾಂಪಲ್ ಕೈಯಲ್ಲಿಲ್ಲದಿದ್ದರೆ ಮರುವಾಯಿ ಹೆಕ್ಕುವವರು, ಏಡಿ ಹಿಡಿಯುವವರು ಕೋರ್ಟಿನಲ್ಲಿ ತೋರಿಸುವುದೇನನ್ನು?

ಆಗಬೇಕಾದ್ದು ಎರಡು. ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ವರ್ಷ ಮಳೆಗೆ ಮುಂಚೆ ಮತ್ತು ಮಳೆ ನಿಂತ ಮೇಲೆ ಅಳಿವೆ, ತುಂಬೆ, ಪುಚ್ಚಮೊಗರಿನ ಕೆಸರು ಪರೀಕ್ಷಿಸಿ ವರದಿಯನ್ನು ಜನರ ಮುಂದಿಡಬೇಕು. ಪುರಸಭೆ, ಪಟ್ಟಣ ಪಂಚಾಯತ್‌ಗಳು ಗ್ಯಾರೇಜ್‌ಗಳ ಕರಿ ಆಯಿಲ್ ಸಂಗ್ರಹಕ್ಕೆ ಊರಿಗೊಂದು ಜಾಗ ಮಾಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಅದು ಅಧಿಕೃತ ಮರುಬಳಕೆ ಘಟಕಕ್ಕೇ ಹೋಗಬೇಕು. ಸಣ್ಣ ಗ್ಯಾರೇಜಿನವರು ಒಂದು ಡ್ರಮ್ ತುಂಬುವವರೆಗೆ ಕಾಯುವುದು ಕಷ್ಟ, ನಾಲ್ಕೈದು ಅಂಗಡಿಯವರು ಸೇರಿದರೆ ಅದು ಸುಲಭ.